ದಿನದ ಕಾಫಿ ದರದಿಂದ ವಾರದ ಸರಾಸರಿ: ಬೆಳೆಗಾರರ ಮನೆಗೆ ಒಂದು ಲೆಕ್ಕದ ಹಾಳೆ

ಸುಂಟಿಕೊಪ್ಪದ ಹತ್ತಿರ ನಮ್ಮದೊಂದು ಸಣ್ಣ ತೋಟವಿದೆ. ಹೆಚ್ಚಿನ ಭಾಗ ರೊಬಸ್ಟಾ, ಮೇಲಿನ ಏರಿನಲ್ಲಿ ಸ್ವಲ್ಪ ಅರೇಬಿಕಾ, ನೆರಳಿನ ಮರಗಳಿಗೆಲ್ಲ ಮೆಣಸಿನ ಬಳ್ಳಿ. ತೋಟದ ಓಡಾಟ ಮನೆಯವರದು, ಲೆಕ್ಕ ನನ್ನದು. ಅಕ್ಕಪಕ್ಕದ ಕೆಲವು ಮನೆಗಳ ಲೆಕ್ಕವನ್ನೂ ನಾನೇ ನೋಡಿಕೊಡುತ್ತೇನೆ. ಕೊಯ್ಲು ಮುಗಿದು ಕಣದಲ್ಲಿ ಚೆರ್ರಿ (ಸಿಪ್ಪೆಸಹಿತ ಕಾಫಿ ಹಣ್ಣು) ಒಣಗುವ ದಿನಗಳಲ್ಲಿ ಅವರೆಲ್ಲ ಕೇಳುವ ಪ್ರಶ್ನೆ ಒಂದೇ: “ಅಕ್ಕಾ, ದರ ಏರುತ್ತಿದೆಯೋ, ಇಳಿಯುತ್ತಿದೆಯೋ?”

ಇವತ್ತಿನ ದರ ಎಲ್ಲರ ಮೊಬೈಲಿನಲ್ಲೂ ಇರುತ್ತದೆ. ಆದರೆ ಅದನ್ನು ನೋಡಿ ಈ ಪ್ರಶ್ನೆಗೆ ಉತ್ತರ ಹೇಳಲು ಬರುವುದಿಲ್ಲ. ಸೋಮವಾರ ಚೀಲಕ್ಕೆ ನೂರು ರೂಪಾಯಿ ಏರಿದ್ದು ಮಂಗಳವಾರ ಇಳಿಯುತ್ತದೆ, ಬುಧವಾರ ಮತ್ತೆ ಏರುತ್ತದೆ. ಈ ಏರಿಳಿತದ ಹಿಂದೆ ಹೋಗಿ ಮಾರುವವರು ಹೆದರಿ ಮಾರುತ್ತಾರೆ, ಇಲ್ಲವೇ ಆಸೆಗೆ ಬಿದ್ದು ಕಾಯುತ್ತಾರೆ. ವಾರದ ಸರಾಸರಿಗಳನ್ನು ಒಂದರ ಕೆಳಗೆ ಒಂದು ಬರೆದು ನೋಡಿದರೆ ದರ ಯಾವ ಕಡೆಗೆ ಸಾಗುತ್ತಿದೆ ಎಂಬುದು ಕಾಣುತ್ತದೆ. ಸಣ್ಣ ಬೆಳೆಗಾರರ ಕೈಯಲ್ಲಿ ಅವರದೇ ಲೆಕ್ಕ ಇರಬೇಕು, ವ್ಯಾಪಾರಿಯ ಮುಂದೆ ಕುಳಿತಾಗ ಅವರು ಹೇಳಿದ ಅಂಕಿಯನ್ನು ಒಪ್ಪಿಕೊಂಡು ಬರುವ ಸ್ಥಿತಿ ಇರಬಾರದು ಎನ್ನುವುದು ನನ್ನ ಗಟ್ಟಿಯಾದ ಅಭಿಪ್ರಾಯ. ಅದಕ್ಕಾಗಿಯೇ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮ ಹಿರಿಯರಿಗೆ ಈ ತಲೆನೋವು ಇರಲಿಲ್ಲ. ಎಲ್ಲರ ಕಾಫಿಯನ್ನೂ ಕಾಫಿ ಮಂಡಳಿಯೇ ಒಟ್ಟುಗೂಡಿಸಿ ಮಾರುತ್ತಿದ್ದ ಪೂಲ್ ಪದ್ಧತಿಯಲ್ಲಿ ಕಾಫಿಯನ್ನು ಪೂಲ್‌ಗೆ ಒಪ್ಪಿಸಿ, ದರ್ಜೆಗೆ ತಕ್ಕ ಪಾಯಿಂಟ್ ಲೆಕ್ಕದಲ್ಲಿ ಕಂತುಕಂತಾಗಿ ಹಣ ಪಡೆಯುತ್ತಿದ್ದರು. 1990ರ ದಶಕದಲ್ಲಿ ಹಂತಹಂತವಾಗಿ ಮಾರಾಟ ಮುಕ್ತವಾಗಿ, 1996ರ ಹೊತ್ತಿಗೆ ಬೆಳೆಗಾರರು ಪೂರ್ತಿ ಬೆಳೆಯನ್ನು ತಾವೇ ಮಾರುವಂತಾಯಿತು. ಅಂದಿನಿಂದ ಲಂಡನ್ನಿನ ರೊಬಸ್ಟಾ ದರ, ನ್ಯೂಯಾರ್ಕಿನ ಅರೇಬಿಕಾ ದರ ಮತ್ತು ಡಾಲರ್ ಬೆಲೆ ಈ ಮೂರೂ ನಮ್ಮ ಅಂಗಳಕ್ಕೆ ಬಂದು ಕುಳಿತಿವೆ. 2024ರಲ್ಲಿ ರೊಬಸ್ಟಾ ಚೆರ್ರಿ 50 ಕಿಲೋ ಚೀಲಕ್ಕೆ ಹತ್ತು ಸಾವಿರ ರೂಪಾಯಿ ದಾಟಿತು. 2025ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನ ಅರೇಬಿಕಾ ಪೌಂಡಿಗೆ 400 ಸೆಂಟ್ ದಾಟಿತು. ದರ ಇಷ್ಟು ಎತ್ತರಕ್ಕೆ ಹೋದಾಗ ಒಂದೇ ದಿನದ ಏರಿಳಿತವೂ ದೊಡ್ಡದಾಗುತ್ತದೆ. ವಾರದ ಸರಾಸರಿ ಹೆಚ್ಚು ಬೇಕಾಗುವುದು ಇಂಥ ಕಾಲದಲ್ಲಿಯೇ.

ಶುರು ಮಾಡುವ ಮೊದಲು ಒಂದು ಮಾತು. ಸೂತ್ರಗಳ ಹೆಸರನ್ನೂ ಕಾಲಂಗಳ ಹೆಸರನ್ನೂ ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ನಿಮ್ಮ ಹಾಳೆಯಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ಸಮ ಚಿಹ್ನೆ ಹಾಕಿ ಮೊದಲ ಎರಡು ಮೂರು ಅಕ್ಷರ ಒತ್ತುತ್ತಿದ್ದಂತೆ ಹೆಸರು ತಾನಾಗಿ ಕೆಳಗೆ ಕಾಣಿಸಿಕೊಳ್ಳುತ್ತದೆ, ಆರಿಸಿಕೊಂಡರೆ ಸಾಕು. ಎಕ್ಸೆಲ್, ಗೂಗಲ್ ಶೀಟ್ಸ್, ಲಿಬ್ರೆ ಆಫೀಸ್ ಮೂರರಲ್ಲೂ ಇಲ್ಲಿನ ಮುಖ್ಯ ಸೂತ್ರಗಳು ಕೆಲಸ ಮಾಡುತ್ತವೆ.

ದಿನದ ಹಾಳೆ

ಮೊದಲ ಹಾಳೆಗೆ ‘ದಿನ’ ಎಂದು ಹೆಸರಿಡಿ. ಎ ಕಾಲಂನಲ್ಲಿ ದಿನಾಂಕ, ಬಿ ಕಾಲಂನಲ್ಲಿ ರೊಬಸ್ಟಾ ಚೆರ್ರಿ, ಸಿ ಕಾಲಂನಲ್ಲಿ ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ, ಒಳಪೊರೆ ಇನ್ನೂ ಇರುವ ಬೀಜ), ಡಿ ಕಾಲಂನಲ್ಲಿ ಕಾಳುಮೆಣಸು. ಇ ಕಾಲಂ ಅನ್ನು ಸದ್ಯಕ್ಕೆ ಖಾಲಿ ಬಿಡಿ. ಎಫ್ ಕಾಲಂ ಟಿಪ್ಪಣಿಗೆ. ಒಂದು ದಿನಕ್ಕೆ ಒಂದೇ ಸಾಲು. ತಿಂಗಳಿಗೊಂದು ಹಾಳೆ ಮಾಡುವ ಅಭ್ಯಾಸ ಬಹಳ ಜನರಿಗಿದೆ, ನೋಟ್‌ಬುಕ್ಕಿನಲ್ಲಿ ಬರೆಯುವಾಗ ಅದು ಅನುಕೂಲವೂ ಹೌದು. ಕಂಪ್ಯೂಟರಿನಲ್ಲಿ ಮಾತ್ರ ದಯವಿಟ್ಟು ಹಾಗೆ ಮಾಡಬೇಡಿ. ವಾರವೆನ್ನುವುದು ತಿಂಗಳ ಗಡಿಗೆ ನಿಲ್ಲುವುದಿಲ್ಲ. ಜನವರಿಯ ಕೊನೆಯ ಮೂರು ದಿನ ಒಂದು ಹಾಳೆಯಲ್ಲಿ, ಫೆಬ್ರುವರಿಯ ಮೊದಲ ಮೂರು ದಿನ ಇನ್ನೊಂದರಲ್ಲಿ ಇದ್ದರೆ ಆ ವಾರ ಎರಡು ತುಂಡಾಗುತ್ತದೆ. ವರ್ಷಗಟ್ಟಲೆ ಬೆಳೆದರೂ ಸರಿ, ಎಲ್ಲವೂ ಒಂದೇ ಉದ್ದ ಪಟ್ಟಿಯಲ್ಲಿ ಇರಲಿ.

ದಿನಾಂಕ ಬರೆದ ತಕ್ಷಣ ಅದು ಚೌಕದ ಯಾವ ಬದಿಗೆ ಅಂಟಿಕೊಂಡಿದೆ ನೋಡಿ. ಜೋಡಣೆಯನ್ನು ನೀವು ಬದಲಿಸದೆ ಇದ್ದರೆ, ಬಲಕ್ಕೆ ಸರಿದಿರುವುದು ನಿಜವಾದ ದಿನಾಂಕ, ಎಡಕ್ಕೆ ನಿಂತಿರುವುದು ಬರಿಯ ಅಕ್ಷರ. ನಾವು ದಿನವನ್ನು ಮೊದಲು ಬರೆದು ತಿಂಗಳನ್ನು ಆಮೇಲೆ ಬರೆಯುತ್ತೇವೆ, ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ. ಕಂಪ್ಯೂಟರ್ ಅಮೆರಿಕದ ಕ್ರಮದಲ್ಲಿದ್ದರೆ 13/04/2025 ಅದಕ್ಕೆ ಅರ್ಥವಾಗದೆ ಅಕ್ಷರವಾಗಿ ಉಳಿಯುತ್ತದೆ. ಅದು ಕಣ್ಣಿಗೆ ಬೀಳುತ್ತದೆ. ಅಪಾಯ ಇರುವುದು 03/04/2025ರಂಥ ದಿನಾಂಕಗಳಲ್ಲಿ. ಏಪ್ರಿಲ್ 3 ಎಂದು ನೀವು ಬರೆದದ್ದು ಸದ್ದಿಲ್ಲದೆ ಮಾರ್ಚ್ 4 ಆಗಿ, ಬೇರೊಂದು ವಾರಕ್ಕೆ ಸೇರಿಬಿಡುತ್ತದೆ. ಗೂಗಲ್ ಶೀಟ್ಸ್‌ನಲ್ಲಿ ಫೈಲ್ ಮೆನುವಿನ ಸೆಟ್ಟಿಂಗ್ಸ್‌ಗೆ ಹೋಗಿ ಲೊಕೇಲ್ ಅನ್ನು ಭಾರತ ಎಂದು ಬದಲಿಸಿ. ಎಕ್ಸೆಲ್ ಆದರೆ ವಿಂಡೋಸ್‌ನ ರೀಜನ್ ಸೆಟ್ಟಿಂಗ್ ನೋಡಿ. ಈಗಾಗಲೇ ಅಕ್ಷರವಾಗಿ ನಿಂತಿರುವ ದಿನಾಂಕಗಳಿಗೆ ಎಕ್ಸೆಲ್‌ನ ಡೇಟಾ ಮೆನುವಿನಲ್ಲಿ ಟೆಕ್ಸ್ಟ್ ಟು ಕಾಲಮ್ಸ್ ಎಂಬುದಿದೆ. ಅದರ ಮೂರನೇ ಹಂತದಲ್ಲಿ ದಿನ, ತಿಂಗಳು, ವರ್ಷ ಎಂಬ ಕ್ರಮವನ್ನು ಆರಿಸಿದರೆ ಪೂರ್ತಿ ಕಾಲಂ ಒಂದೇ ಸಲಕ್ಕೆ ಸರಿಹೋಗುತ್ತದೆ.

ದರ ಬರೆಯುವಾಗಲೂ ಶಿಸ್ತು ಬೇಕು. ವಾಟ್ಸಾಪ್‌ನಲ್ಲಿ ಬಂದ ಸಂದೇಶವನ್ನು ಹಾಗೆಯೇ ಅಂಟಿಸಿದರೆ ‘ರೂ.’ ಎಂಬ ಅಕ್ಷರವೋ, ಕಣ್ಣಿಗೆ ಕಾಣದ ಒಂದು ಚಿಹ್ನೆಯೋ ಜೊತೆಗೆ ಬಂದು ಅಂಕಿ ಅಕ್ಷರವಾಗುತ್ತದೆ. ಸರಾಸರಿಯ ಸೂತ್ರ ಅಕ್ಷರವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ತಪ್ಪೆಂದೂ ಹೇಳುವುದಿಲ್ಲ. ಹಾಗಾಗಿ ಬರಿಯ ಅಂಕಿಯನ್ನು ಕೈಯಿಂದಲೇ ಟೈಪ್ ಮಾಡಿ. ‘9,800ರಿಂದ 9,900’ ಎಂದು ಎರಡು ಅಂಕಿ ಕೊಟ್ಟಿದ್ದರೆ ಕನಿಷ್ಠಕ್ಕೊಂದು, ಗರಿಷ್ಠಕ್ಕೊಂದು ಕಾಲಂ ಮಾಡಿಕೊಳ್ಳಿ. ಒಂದು ದಿನ ಕೆಳಗಿನದು, ಇನ್ನೊಂದು ದಿನ ಮೇಲಿನದು ಬರೆದರೆ ಆ ಪಟ್ಟಿಯಿಂದ ಏನೂ ತಿಳಿಯುವುದಿಲ್ಲ. ಯಾರ ದರ ಬರೆಯುತ್ತೀರೋ ವರ್ಷವಿಡೀ ಅವರದನ್ನೇ ಬರೆಯಿರಿ. ಸೋಮವಾರ ಕುಶಾಲನಗರದ ದರ, ಮಂಗಳವಾರ ಗೋಣಿಕೊಪ್ಪದ್ದು, ಬುಧವಾರ ಸಿದ್ದಾಪುರದ್ದು ಎಂದು ಬೆರೆಸಿದರೆ ಊರುಗಳ ನಡುವಿನ ವ್ಯತ್ಯಾಸವೇ ದಿನಗಳ ನಡುವಿನ ಏರಿಳಿತದಂತೆ ಕಾಣುತ್ತದೆ.

ರೊಬಸ್ಟಾ ಚೆರ್ರಿಯಲ್ಲಿ ಇನ್ನೊಂದು ತೊಡಕಿದೆ. ಕೆಲವರು ಚೀಲದ ದರ ಹೇಳುತ್ತಾರೆ, ಕೆಲವರು ಓಟಿ ದರ ಹೇಳುತ್ತಾರೆ. 50 ಕಿಲೋ ಒಣ ಚೆರ್ರಿಯನ್ನು ಹಲ್ ಮಾಡಿ ಸಿಪ್ಪೆ ತೆಗೆದಾಗ ಸಿಗುವ ಬೀಜ ಎಷ್ಟು ಕಿಲೋ ಎಂಬುದೇ ಓಟಿ (ಔಟ್‌ಟರ್ನ್), ಆ ಬೀಜದ ಒಂದು ಕಿಲೋ ಬೆಲೆಯೇ ಓಟಿ ದರ. ಓಟಿ 26 ಬಂದು, ಓಟಿ ದರ 380 ರೂಪಾಯಿ ಇದ್ದರೆ ಚೀಲಕ್ಕೆ 9,880 ರೂಪಾಯಿ. ಅದೇ ದರಕ್ಕೆ 27 ಓಟಿ ಬಂದವರ ಚೀಲ 10,260 ರೂಪಾಯಿಗೆ ಹೋಗುತ್ತದೆ. ಆದ್ದರಿಂದ ಎರಡಕ್ಕೂ ಪ್ರತ್ಯೇಕ ಕಾಲಂ ಇಡಿ. ನನ್ನನ್ನು ಕೇಳಿದರೆ ಸರಾಸರಿ ತೆಗೆಯಲು ಓಟಿ ದರವೇ ಒಳ್ಳೆಯದು. ಬೀಜದ ಗುಣ ಅದರಲ್ಲಿ ಬೆರೆತಿರುವುದಿಲ್ಲ, ಮಾರುಕಟ್ಟೆಯ ಚಲನೆ ಮಾತ್ರ ಇರುತ್ತದೆ.

ವಾರಕ್ಕೆ ಒಂದು ಗುರುತು

ಈಗ ಖಾಲಿ ಬಿಟ್ಟಿದ್ದ ಇ ಕಾಲಂಗೆ ಬನ್ನಿ. ಪ್ರತಿ ದಿನಾಂಕದ ಪಕ್ಕದಲ್ಲಿ ಆ ವಾರದ ಸೋಮವಾರದ ದಿನಾಂಕ ಬರುವಂತೆ ಮಾಡಬೇಕು. ಇ2ರಲ್ಲಿ ಹೀಗೆ ಬರೆಯಿರಿ:

=ಇಫ್(ಎ2="","",ಎ2-ವೀಕ್‌ಡೇ(ಎ2,2)+1)

ವೀಕ್‌ಡೇ ಸೂತ್ರದ ಒಳಗಿರುವ 2 ಎಂದರೆ ಸೋಮವಾರವನ್ನು 1 ಎಂದೂ ಭಾನುವಾರವನ್ನು 7 ಎಂದೂ ಎಣಿಸು ಎಂದರ್ಥ. ಉದಾಹರಣೆಗೆ 2025ರ ಡಿಸೆಂಬರ್ 31 ಬುಧವಾರ, ಅದರ ಸಂಖ್ಯೆ 3. 31ರಲ್ಲಿ 3 ಕಳೆದು 1 ಕೂಡಿಸಿದರೆ 29, ಅಂದರೆ ಡಿಸೆಂಬರ್ 29ರ ಸೋಮವಾರ. ಉತ್ತರದ ಜಾಗದಲ್ಲಿ ದಿನಾಂಕದ ಬದಲು 46020 ಎಂಬಂಥ ಅಂಕಿ ಕಂಡರೆ ಗಾಬರಿಯಾಗಬೇಡಿ. ದಿನಾಂಕಗಳನ್ನು ಈ ಹಾಳೆಗಳು ಒಳಗೆ ಇಟ್ಟುಕೊಳ್ಳುವುದೇ ಹೀಗೆ, ದಿನಕ್ಕೊಂದರಂತೆ ಏರುವ ಎಣಿಕೆಯಾಗಿ. ಕಾಲಂ ಅನ್ನು ದಿನಾಂಕದ ರೂಪಕ್ಕೆ ಬದಲಿಸಿದರೆ ಸರಿಯಾಗುತ್ತದೆ. ಸೂತ್ರವನ್ನು ಕೆಳಗಿನವರೆಗೆ ಎಳೆದುಬಿಡಿ.

ವಾರದ ಸಂಖ್ಯೆ ಕೊಡುವ ವೀಕ್‌ನಮ್ ಎಂಬ ಸೂತ್ರವೂ ಇದೆ, ಅನೇಕರು ಅದನ್ನೇ ಹೇಳಿಕೊಡುತ್ತಾರೆ. ಕಾಫಿ ಬೆಳೆಗಾರರು ಅದನ್ನು ಬಳಸಬಾರದು. ಜನವರಿ 1 ಬಂದ ಕೂಡಲೇ ಅದು ಎಣಿಕೆಯನ್ನು ಒಂದರಿಂದ ಮತ್ತೆ ಶುರು ಮಾಡುತ್ತದೆ. 2025ರ ಡಿಸೆಂಬರ್ 31 ಅದರ ಪ್ರಕಾರ 53ನೇ ವಾರ, ಮರುದಿನ ಗುರುವಾರ 1ನೇ ವಾರ. ಒಂದೇ ವಾರ ನಡುವಿನಲ್ಲಿ ಮುರಿದುಹೋಯಿತು. ಅದೂ ಯಾವಾಗ? ಅರೇಬಿಕಾ ಕೊಯ್ಲು ಮುಗಿಯುತ್ತ, ರೊಬಸ್ಟಾ ಕೊಯ್ಲು ಜೋರಾಗಿರುವಾಗ, ಅಂದರೆ ನಮಗೆ ದರದ ಚಿತ್ರ ತೀರಾ ಬೇಕಾದ ಹೊತ್ತಿನಲ್ಲಿ. ಜೊತೆಗೆ ಎರಡು ವರ್ಷದ ಪಟ್ಟಿ ಒಂದೇ ಹಾಳೆಯಲ್ಲಿದ್ದರೆ 2025ರ 5ನೇ ವಾರವೂ 2026ರ 5ನೇ ವಾರವೂ ಸೇರಿ ಒಂದೇ ಸರಾಸರಿಯಾಗಿಬಿಡುತ್ತದೆ. ಸೋಮವಾರದ ದಿನಾಂಕಕ್ಕೆ ಈ ಯಾವ ಗೊಂದಲವೂ ಇಲ್ಲ. ಕ್ಯಾಲೆಂಡರ್ ವರ್ಷ ಬದಲಾಗಲಿ, ಅಕ್ಟೋಬರ್ 1ಕ್ಕೆ ಕಾಫಿ ವರ್ಷ ಬದಲಾಗಲಿ, ಏಪ್ರಿಲ್ 1ಕ್ಕೆ ಹಣಕಾಸು ವರ್ಷ ಬದಲಾಗಲಿ, ಸೋಮವಾರ ಸೋಮವಾರವೇ.

ವಾರದ ಹಾಳೆ

ಎರಡನೇ ಹಾಳೆಗೆ ‘ವಾರ’ ಎಂದು ಹೆಸರಿಡಿ. ಎ2ರಲ್ಲಿ ನಿಮ್ಮ ಪಟ್ಟಿಯ ಮೊದಲ ಸೋಮವಾರದ ದಿನಾಂಕವನ್ನು ಟೈಪ್ ಮಾಡಿ. ಎ3ರಲ್ಲಿ =ಎ2+7 ಎಂದು ಬರೆದು ಕೆಳಗೆ ಎಳೆಯಿರಿ. ಸೋಮವಾರಗಳ ಸಾಲು ಸಿದ್ಧವಾಯಿತು. ಇನ್ನು ಬಿ2ರಲ್ಲಿ:

=ಇಫ್‌ಎರರ್(ಆವರೇಜ್‌ಇಫ್ಸ್(ದಿನ!ಬಿ:ಬಿ,ದಿನ!ಇ:ಇ,ಎ2),"")

‘ದಿನ’ ಹಾಳೆಯ ಇ ಕಾಲಂನಲ್ಲಿ ಈ ಸೋಮವಾರದ ಗುರುತು ಇರುವ ಸಾಲುಗಳನ್ನೆಲ್ಲ ಹುಡುಕು, ಅವುಗಳ ಬಿ ಕಾಲಂನ ದರಗಳ ಸರಾಸರಿ ಕೊಡು ಎನ್ನುವುದು ಇದರ ಅರ್ಥ. ಹಾಳೆಯ ಹೆಸರನ್ನು ಕೈಯಿಂದ ಟೈಪ್ ಮಾಡಲು ಹೋಗಬೇಡಿ. ಸೂತ್ರ ಬರೆಯುವ ನಡುವೆಯೇ ‘ದಿನ’ ಹಾಳೆಗೆ ಹೋಗಿ ಕಾಲಂನ ತಲೆಯ ಮೇಲೆ ಒತ್ತಿದರೆ ಹೆಸರು, ಚಿಹ್ನೆ ಎಲ್ಲವೂ ತಾವಾಗಿಯೇ ಸರಿಯಾಗಿ ಬರುತ್ತವೆ. ಒಂದು ದರವೂ ಇಲ್ಲದ ವಾರದಲ್ಲಿ ಸೊನ್ನೆಯಿಂದ ಭಾಗಿಸಿದ ತಪ್ಪು ಕಾಣಿಸುತ್ತದೆ. ಇಫ್‌ಎರರ್ ಆ ಜಾಗವನ್ನು ಖಾಲಿಯಾಗಿ ತೋರಿಸುತ್ತದೆ.

ಇದರ ಪಕ್ಕದ ಕಾಲಂ ಅನ್ನು ಯಾರೂ ಬಿಡಬಾರದು ಎಂದು ನಾನು ಒತ್ತಿ ಹೇಳುತ್ತೇನೆ. ಎಷ್ಟು ದಿನದ ದರದಿಂದ ಈ ಸರಾಸರಿ ಬಂತು ಎಂಬ ಎಣಿಕೆ ಅದರಲ್ಲಿರಬೇಕು:

=ಕೌಂಟ್‌ಇಫ್ಸ್(ದಿನ!ಇ:ಇ,ಎ2,ದಿನ!ಬಿ:ಬಿ,">0")

ಆರು ದಿನದ ಸರಾಸರಿಗೂ ಎರಡು ದಿನದ ಸರಾಸರಿಗೂ ಒಂದೇ ತೂಕವಿಲ್ಲ. ಎಣಿಕೆ ಕಣ್ಣೆದುರಿಗಿದ್ದರೆ ಎರಡು ದಿನದ ವಾರ ನೋಡಿ ಯಾರೂ ದೊಡ್ಡ ತೀರ್ಮಾನಕ್ಕೆ ಬರುವುದಿಲ್ಲ. ನಡೆಯುತ್ತಿರುವ ವಾರಕ್ಕೂ ಈ ಮಾತು ಅನ್ವಯಿಸುತ್ತದೆ. ಬುಧವಾರ ತೆಗೆದು ನೋಡಿದರೆ ಅದು ಮೂರು ದಿನದ ಸರಾಸರಿ ಮಾತ್ರ. ಶನಿವಾರದ ದರ ಸೇರುವವರೆಗೆ ಅದನ್ನು ಹಿಂದಿನ ವಾರದ ಜೊತೆ ಹೋಲಿಸಬೇಡಿ.

ಮುಚ್ಚಿದ ದಿನ ಎಂದರೆ ಸೊನ್ನೆಯೇ?

ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ರಜೆಯ ದಿನಗಳನ್ನು ಹೇಗೆ ಬರೆಯುತ್ತೇವೆ ಎಂಬುದು. ಕೊಡಗಿನಲ್ಲಿ ಅಂಥ ದಿನಗಳಿಗೆ ಕೊರತೆಯಿಲ್ಲ. ಸೆಪ್ಟೆಂಬರ್ ಆರಂಭದಲ್ಲಿ ಕೈಲ್‌ಪೋಳ್ದ್, ಅಕ್ಟೋಬರ್ ನಡುವಿನಲ್ಲಿ ಕಾವೇರಿ ತುಲಾ ಸಂಕ್ರಮಣ, ಆಮೇಲೆ ಹುತ್ತರಿ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಮುಚ್ಚುವ ದಿನಗಳು ಬೇರೆ. ಹೀಗೆ ಖರೀದಿ ನಡೆಯದ ದಿನ ಕೆಲವರು ದರದ ಜಾಗದಲ್ಲಿ 0 ಬರೆಯುತ್ತಾರೆ. ಏನೂ ಇಲ್ಲ ಎನ್ನುವುದು ಅವರ ಮನಸ್ಸಿನಲ್ಲಿರುತ್ತದೆ. ಹಾಳೆ ಮಾತ್ರ ಕಾಫಿ ಅಂದು ಸೊನ್ನೆ ರೂಪಾಯಿಗೆ ಮಾರಾಟವಾಯಿತು ಎಂದು ತಿಳಿಯುತ್ತದೆ.

ಲೆಕ್ಕ ಸ್ಪಷ್ಟವಾಗಲೆಂದು ಹುತ್ತರಿಯ ಒಂದು ವಾರವನ್ನು ಕಲ್ಪಿಸಿಕೊಳ್ಳೋಣ. ಸೋಮವಾರ 9,800, ಮಂಗಳವಾರ 9,900, ಬುಧವಾರ 9,850, ಗುರುವಾರ ಮತ್ತು ಶುಕ್ರವಾರ ಖರೀದಿ ಇಲ್ಲ, ಶನಿವಾರ 10,050. ನಾಲ್ಕು ದರಗಳ ಮೊತ್ತ 39,600, ಸರಾಸರಿ 9,900. ಎರಡು ಜಾಗದಲ್ಲಿ ಸೊನ್ನೆ ಬರೆದಿದ್ದರೆ ಅದೇ ಮೊತ್ತವನ್ನು ಆರರಿಂದ ಭಾಗಿಸಿ 6,600 ಎಂದು ತೋರಿಸುತ್ತದೆ. ಇಷ್ಟು ದೊಡ್ಡ ತಪ್ಪು ಹೇಗೂ ಕಾಣುತ್ತದೆ ಎನ್ನಬಹುದು. ಆದರೆ ವರ್ಷದ ಸರಾಸರಿಯೊಳಗೆ ಹತ್ತಾರು ಸೊನ್ನೆ ಅಡಗಿ ಕುಳಿತರೆ ಯಾರಿಗೂ ಕಾಣದು.

ಇನ್ನು ಕೆಲವರು ಗುರುವಾರ, ಶುಕ್ರವಾರದ ಜಾಗದಲ್ಲಿ ಬುಧವಾರದ 9,850ನ್ನೇ ಮತ್ತೆ ಬರೆಯುತ್ತಾರೆ. ಆಗ ಸರಾಸರಿ 9,883. ಚೀಲಕ್ಕೆ 17 ರೂಪಾಯಿ ವ್ಯತ್ಯಾಸ, ನೋಡಲು ಸಣ್ಣದು. ನನ್ನ ಆಕ್ಷೇಪ ಮೊತ್ತದ ಬಗ್ಗೆ ಇಲ್ಲ. ಆ ಎರಡು ದಿನ ಯಾರೂ ಆ ದರಕ್ಕೆ ಕಾಫಿ ಕೊಂಡಿಲ್ಲ, ಹೀಗಿರುವಾಗ ಬುಧವಾರದ ಮಾತನ್ನು ಮೂರು ಸಲ ಎಣಿಸಿದಂತಾಯಿತು. ದರ ಜಿಗಿದ ವಾರದಲ್ಲಿ ಈ ವ್ಯತ್ಯಾಸವೂ ಜಿಗಿಯುತ್ತದೆ. ಮಾರುಕಟ್ಟೆ ತೆರೆದಿದ್ದ ದಿನಗಳ ಸರಾಸರಿಯನ್ನು ಮಾತ್ರ ತೆಗೆಯಿರಿ. ಮುಚ್ಚಿದ ದಿನದ ಚೌಕವನ್ನು ಖಾಲಿ ಬಿಟ್ಟು, ಎಫ್ ಕಾಲಂನಲ್ಲಿ ‘ಹುತ್ತರಿ’ ಎಂದೋ ‘ರಸ್ತೆ ಬಂದ್’ ಎಂದೋ ಕಾರಣ ಬರೆಯಿರಿ. ಸರಾಸರಿಯ ಸೂತ್ರ ಖಾಲಿ ಚೌಕವನ್ನು ತಾನಾಗಿ ದಾಟಿ ಹೋಗುತ್ತದೆ. ಖರೀದಿ ನಡೆದಿದ್ದರೂ ನಿಮಗೆ ದರ ಸಿಗದ ದಿನವಿದ್ದರೆ ಅದನ್ನೂ ಹಾಗೆಯೇ ಬರೆದಿಡಿ, ‘ದರ ಸಿಗಲಿಲ್ಲ’ ಎಂದು. ಅದು ರಜೆಗಿಂತ ಬೇರೆ ಸಂಗತಿ. ಆಮೇಲೆ ದರ ಸಿಕ್ಕಿದರೆ ತುಂಬಬಹುದು.

2018ರ ಆಗಸ್ಟ್ ನಡುವಿನಲ್ಲಿ ಭೂಕುಸಿತವಾಗಿ ರಸ್ತೆಗಳೇ ಕಡಿದುಹೋದ ವಾರದಂಥ ವಾರಗಳು, 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಶುರುವಾದಾಗಿನಂಥ ದಿನಗಳು ನಿಮ್ಮ ಹಳೆಯ ಡೈರಿಯಲ್ಲಿ ಖಾಲಿ ಇದ್ದರೆ ಹಾಳೆಯಲ್ಲೂ ಖಾಲಿಯೇ ಇರಲಿ. ಹಿಂದಿನ ವಾರ ಮತ್ತು ಮುಂದಿನ ವಾರ ನೋಡಿ ನಡುವೆ ಒಂದು ಅಂಕಿ ಊಹಿಸಿ ತುಂಬಬೇಡಿ. ಆ ಖಾಲಿ ಜಾಗವೂ ಒಂದು ದಾಖಲೆ.

ಗ್ರಾಫ್ ಬರೆಸುವವರು ಮಾತ್ರ ಇಲ್ಲಿ ಜಾಗ್ರತೆ ವಹಿಸಬೇಕು. ಸೂತ್ರದಿಂದ ಬಂದ ಖಾಲಿ ಜಾಗವನ್ನು ಎಕ್ಸೆಲ್‌ನ ಗೆರೆ ಗ್ರಾಫ್ ಸೊನ್ನೆ ಎಂದು ಎಳೆದು, ಗೆರೆಯನ್ನು ಪಾತಾಳಕ್ಕೆ ಇಳಿಸುತ್ತದೆ. ಗ್ರಾಫಿಗೆಂದೇ ಇನ್ನೊಂದು ಕಾಲಂ ಮಾಡಿ, ಸೂತ್ರದ ಕೊನೆಯಲ್ಲಿ ಎರಡು ಉದ್ಧರಣ ಚಿಹ್ನೆಗಳ ಬದಲು ಎನ್‌ಎ() ಎಂದು ಹಾಕಿದರೆ ಆ ವಾರವನ್ನು ಅದು ಸೊನ್ನೆಗೆ ಇಳಿಸುವುದಿಲ್ಲ.

ಲಂಡನ್, ನ್ಯೂಯಾರ್ಕ್ ಮತ್ತು ಡಾಲರ್

ಊರಿನ ದರದ ಜೊತೆ ಹೊರಗಿನ ದರವನ್ನೂ ಇಟ್ಟು ನೋಡಿದರೆ, ವ್ಯಾಪಾರಿ ಹೇಳುವ ಇಳಿಕೆಗೆ ನಿಜವಾದ ಕಾರಣ ಇದೆಯೇ ಎಂದು ತಿಳಿಯುತ್ತದೆ. ಲಂಡನ್ನಿನ ರೊಬಸ್ಟಾ ದರ ಟನ್ನಿಗೆ ಡಾಲರಿನಲ್ಲಿರುತ್ತದೆ. ಅದನ್ನು 1,000ದಿಂದ ಭಾಗಿಸಿ ಡಾಲರ್ ಬೆಲೆಯಿಂದ ಗುಣಿಸಿದರೆ ಕಿಲೋಗೆ ರೂಪಾಯಿ ಸಿಗುತ್ತದೆ. ಟನ್ನಿಗೆ 4,000 ಡಾಲರ್, ಡಾಲರಿಗೆ 85 ರೂಪಾಯಿ ಇದ್ದರೆ ಕಿಲೋಗೆ 340. ನ್ಯೂಯಾರ್ಕಿನ ಅರೇಬಿಕಾ ಪೌಂಡಿಗೆ ಸೆಂಟ್ ಲೆಕ್ಕ. 100ರಿಂದ ಭಾಗಿಸಿ, 2.2046ರಿಂದ ಗುಣಿಸಿ, ಆಮೇಲೆ ಡಾಲರ್ ಬೆಲೆಯಿಂದ ಗುಣಿಸಬೇಕು. 300 ಸೆಂಟ್ ಇದ್ದು ಡಾಲರ್ 85 ಇದ್ದರೆ ಕಿಲೋಗೆ ಸುಮಾರು 562 ರೂಪಾಯಿ. ಇವು ಶುದ್ಧ ಬೀಜದ ದರಗಳು, ಚೆರ್ರಿಯ ಅಥವಾ ಪಾರ್ಚ್‌ಮೆಂಟಿನ ದರಗಳಲ್ಲ. ರೊಬಸ್ಟಾಕ್ಕೆ ಓಟಿ ದರದ ಜೊತೆ ಹೋಲಿಸುವುದು ಸರಿ.

ಈ ರೂಪಾಯಿ ಲೆಕ್ಕವನ್ನು ಪ್ರತಿದಿನದ ಸಾಲಿನಲ್ಲೇ ಮಾಡಿ, ಅದರ ನಂತರ ವಾರದ ಸರಾಸರಿ ತೆಗೆಯಿರಿ. ಲಂಡನ್ನಿನ ವಾರದ ಸರಾಸರಿಯನ್ನೂ ಡಾಲರಿನ ವಾರದ ಸರಾಸರಿಯನ್ನೂ ಬೇರೆ ಬೇರೆ ತೆಗೆದು ಗುಣಿಸಿದರೆ ಉತ್ತರ ಸ್ವಲ್ಪ ಬೇರೆಯಾಗುತ್ತದೆ. ಒಂದು ದಿನ 4,000 ಡಾಲರ್, 85 ರೂಪಾಯಿ; ಇನ್ನೊಂದು ದಿನ 4,400 ಡಾಲರ್, 87 ರೂಪಾಯಿ ಇದ್ದರೆ ದಿನದ ಲೆಕ್ಕದಿಂದ ಬರುವ ಸರಾಸರಿ 361.40, ಬೇರೆ ಬೇರೆ ತೆಗೆದು ಗುಣಿಸಿದರೆ 361.20. ಕಿಲೋಗೆ 20 ಪೈಸೆ, ಟನ್ನಿಗೆ 200 ರೂಪಾಯಿ.

ರಜೆಗಳು ಇಲ್ಲಿ ಇನ್ನಷ್ಟು ತೊಡಕು. ಲಂಡನ್ ಮತ್ತು ನ್ಯೂಯಾರ್ಕಿಗೆ ಶನಿವಾರವೂ ರಜೆ, ಆದ್ದರಿಂದ ಅವುಗಳ ವಾರಕ್ಕೆ ಐದೇ ದಿನ. ನವೆಂಬರ್ 1ರಂದು ನಮ್ಮಲ್ಲಿ ರಾಜ್ಯೋತ್ಸವ, ಅಲ್ಲಿ ವಹಿವಾಟು. ನವೆಂಬರ್‌ನ ನಾಲ್ಕನೇ ಗುರುವಾರ ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್, ನ್ಯೂಯಾರ್ಕ್ ಮುಚ್ಚಿರುತ್ತದೆ. ಕಾಫಿ ದರವನ್ನು ಹಿಂದಿನ ದಿನದಿಂದ ತಂದು ತುಂಬಬೇಡಿ ಎಂದು ಮೇಲೆ ಹೇಳಿದ ನಿಯಮಕ್ಕೆ ನಾನು ಒಪ್ಪುವ ಒಂದೇ ವಿನಾಯಿತಿ ಡಾಲರ್. ಲಂಡನ್ ತೆರೆದಿದ್ದು ನಮ್ಮ ಬ್ಯಾಂಕುಗಳು ಮುಚ್ಚಿದ್ದ ದಿನ, ಹಿಂದಿನ ಕೆಲಸದ ದಿನದ ಡಾಲರ್ ಬೆಲೆಯನ್ನು ಬಳಸಬಹುದು. ಇಲ್ಲಿ ಅದು ಪರಿವರ್ತನೆಯ ಅಳತೆ ಮಾತ್ರ, ನಾವು ಸರಾಸರಿ ತೆಗೆಯುತ್ತಿರುವ ದರ ಅದಲ್ಲ. ಡಾಲರ್ ಪಟ್ಟಿಯನ್ನು ದಿನಾಂಕದ ಏರಿಕೆಯ ಕ್ರಮದಲ್ಲಿ ಬೇರೆ ಹಾಳೆಯಲ್ಲಿಟ್ಟು, ವಿಲುಕಪ್ ಸೂತ್ರದ ಕೊನೆಯ ಜಾಗದಲ್ಲಿ ಟ್ರೂ ಎಂದು ಕೊಟ್ಟರೆ ಆ ದಿನಾಂಕ ಸಿಗದಿದ್ದಾಗ ಅದಕ್ಕೂ ಹಿಂದಿನ ದಿನದ ಬೆಲೆಯನ್ನು ತಾನೇ ತರುತ್ತದೆ.

ಲಂಡನ್, ನ್ಯೂಯಾರ್ಕಿನ ಈ ದರಗಳು ಫ್ಯೂಚರ್ಸ್ ದರಗಳು, ಅಂದರೆ ಮುಂದಿನ ಒಂದು ತಿಂಗಳಲ್ಲಿ ಕೊಡುವ ಕಾಫಿಗೆ ಈಗಲೇ ಒಪ್ಪುವ ದರಗಳು. ಅವಕ್ಕೆ ತಿಂಗಳ ಹೆಸರಿರುತ್ತದೆ ಎಂಬುದನ್ನೂ ಮರೆಯಬೇಡಿ. ಲಂಡನ್ ರೊಬಸ್ಟಾಕ್ಕೆ ಜನವರಿ, ಮಾರ್ಚ್, ಮೇ, ಜುಲೈ, ಸೆಪ್ಟೆಂಬರ್, ನವೆಂಬರ್ ಕಾಂಟ್ರಾಕ್ಟ್‌ಗಳಿವೆ. ಬುಧವಾರದವರೆಗೆ ಮಾರ್ಚ್ ದರ ಬರೆದು ಗುರುವಾರದಿಂದ ಮೇ ದರ ಬರೆದರೆ ಏರಿಕೆಯಂತೆ ಕಾಣುವುದು ಕೇವಲ ತಿಂಗಳ ಬದಲಾವಣೆ ಇರಬಹುದು. ತಿಂಗಳನ್ನು ಯಾವಾಗಲೂ ಸೋಮವಾರವೇ ಬದಲಿಸಿ, ಟಿಪ್ಪಣಿಯಲ್ಲಿ ಬರೆದಿಡಿ.

ನೀವು ಮಾರಿದ ದರ ಬೇರೆ, ಮಾರುಕಟ್ಟೆಯ ದರ ಬೇರೆ

ಇಲ್ಲಿಯವರೆಗಿನ ಸರಾಸರಿಯಲ್ಲಿ ಎಲ್ಲ ದಿನಕ್ಕೂ ಸಮಾನ ಸ್ಥಾನ. ನಿಮ್ಮ ಮಾರಾಟದ ಸರಾಸರಿಯಲ್ಲಿ ಚೀಲಗಳ ಸಂಖ್ಯೆಗೆ ಸ್ಥಾನ ಕೊಡಬೇಕು. ಮೇಲಿನ ವಾರದಲ್ಲೇ ಸೋಮವಾರ 9,800ರಂತೆ 40 ಚೀಲ, ಶನಿವಾರ 10,050ರಂತೆ 10 ಚೀಲ ಮಾರಿದಿರಿ ಎನ್ನೋಣ. ಎರಡು ದರಗಳನ್ನು ಕೂಡಿಸಿ ಎರಡರಿಂದ ಭಾಗಿಸಿದರೆ 9,925. ವಾರದ ಮಾರುಕಟ್ಟೆ ಸರಾಸರಿ 9,900 ಇದ್ದಾಗ ನಾವು 25 ರೂಪಾಯಿ ಹೆಚ್ಚಿಗೇ ಮಾರಿದೆವು ಎಂದು ಸಂತೋಷಪಡಬಹುದು. ನಿಜವಾಗಿ ಕೈಗೆ ಬಂದದ್ದು 3,92,000 ಮತ್ತು 1,00,500, ಒಟ್ಟು 4,92,500. ಐವತ್ತು ಚೀಲಕ್ಕೆ ಹಂಚಿದರೆ 9,850. ಅಂದರೆ ಮಾರುಕಟ್ಟೆಗಿಂತ 50 ರೂಪಾಯಿ ಕಡಿಮೆ.

ಮಾರಾಟಕ್ಕೆ ಬೇರೆ ಹಾಳೆ ಇಡಿ: ಎ ದಿನಾಂಕ, ಬಿ ಚೀಲ, ಸಿ ದರ, ಡಿ ಮೊತ್ತ, ಇ ಅದೇ ಸೋಮವಾರದ ಗುರುತು. ವಾರದ ಹಾಳೆಯ ಇ2ರಲ್ಲಿ:

=ಇಫ್‌ಎರರ್(ಸಮ್‌ಇಫ್ಸ್(ಮಾರಾಟ!ಡಿ:ಡಿ,ಮಾರಾಟ!ಇ:ಇ,ಎ2)/ಸಮ್‌ಇಫ್ಸ್(ಮಾರಾಟ!ಬಿ:ಬಿ,ಮಾರಾಟ!ಇ:ಇ,ಎ2),"")

ಈ ಕಾಲಂ ಮತ್ತು ಮಾರುಕಟ್ಟೆಯ ವಾರದ ಸರಾಸರಿ ಒಂದೇ ನೋಟಕ್ಕೆ ಕಾಣುವಂತಿರಲಿ. ಕೂಲಿ ಕೊಡಲು ಹಣ ಬೇಕಾಗಿ ಸೋಮವಾರವೇ 40 ಚೀಲ ಮಾರಿದ್ದರೆ ಆ 50 ರೂಪಾಯಿಯಲ್ಲಿ ತಪ್ಪೇನೂ ಇಲ್ಲ. ಅದು ಆ ದಿನದ ಅಗತ್ಯಕ್ಕೆ ತೆತ್ತ ಬೆಲೆ. ಆ ಬೆಲೆ ಎಷ್ಟೆಂದು ಗೊತ್ತಿದ್ದರೆ ಮುಂದಿನ ವರ್ಷ ಕೊಯ್ಲಿಗೆ ಮುಂಚೆ ಸಾಲ ತೆಗೆಯುವುದು ಅಗ್ಗವೋ, ಕಾಫಿ ಮಾರುವುದು ಅಗ್ಗವೋ ಎಂದು ಯೋಚಿಸಲು ಬರುತ್ತದೆ.

ತಿಂಗಳ ಮತ್ತು ವರ್ಷದ ಲೆಕ್ಕ

ತಿಂಗಳ ಸರಾಸರಿ ಬೇಕಾದಾಗ ವಾರದ ಸರಾಸರಿಗಳನ್ನು ಕೂಡಿಸಿ ಭಾಗಿಸಬೇಡಿ. ಒಂದು ವಾರ ಎರಡೇ ದಿನ ಖರೀದಿ ನಡೆದು ಸರಾಸರಿ 9,000 ಬಂತು, ಮುಂದಿನ ವಾರ ಆರು ದಿನ ನಡೆದು 10,000 ಬಂತು. ಎರಡರ ಸರಾಸರಿ 9,500 ಎನಿಸುತ್ತದೆ. ಎಂಟು ದಿನಗಳ ನಿಜವಾದ ಸರಾಸರಿ 9,750. ತಿಂಗಳಿಗೂ ವರ್ಷಕ್ಕೂ ‘ದಿನ’ ಹಾಳೆಯಿಂದಲೇ ಹೊಸದಾಗಿ ತೆಗೆಯಿರಿ. ಆವರೇಜ್‌ಇಫ್ಸ್‌ನಲ್ಲಿ ಸೋಮವಾರದ ಬದಲು ಎರಡು ಷರತ್ತು ಕೊಟ್ಟರಾಯಿತು, ತಿಂಗಳ ಮೊದಲ ದಿನಾಂಕಕ್ಕೆ ಸಮ ಅಥವಾ ಮುಂದೆ, ಮುಂದಿನ ತಿಂಗಳ ಮೊದಲ ದಿನಾಂಕಕ್ಕಿಂತ ಹಿಂದೆ.

ಎಕ್ಸೆಲ್‌ನ ಪಿವಟ್ ಟೇಬಲ್‌ನಲ್ಲಿಯೂ ದಿನಾಂಕಗಳನ್ನು ಏಳೇಳು ದಿನಕ್ಕೆ ಗುಂಪು ಮಾಡಬಹುದು. ಆರಂಭದ ದಿನಾಂಕವನ್ನು ನೀವೇ ಸೋಮವಾರಕ್ಕೆ ಬದಲಿಸಬೇಕು, ಇಲ್ಲವಾದರೆ ಪಟ್ಟಿಯ ಮೊದಲ ದಿನ ಯಾವುದೋ ಅಲ್ಲಿಂದಲೇ ಎಣಿಸುತ್ತದೆ. ಹೊಸ ದರ ಸೇರಿಸಿದಾಗಲೆಲ್ಲ ರಿಫ್ರೆಶ್ ಒತ್ತಬೇಕು. ಅವಸರಕ್ಕೆ ಒಮ್ಮೆ ನೋಡಲು ಸರಿ, ವರ್ಷಗಟ್ಟಲೆ ಇಡುವ ಲೆಕ್ಕಕ್ಕೆ ನನಗೆ ಸೂತ್ರವೇ ಇಷ್ಟ.

ಕಳೆದ ವರ್ಷದ ಇದೇ ವಾರದ ಜೊತೆ ಹೋಲಿಸಲು ಎ2ರಿಂದ 365 ಕಳೆಯಬೇಡಿ, 364 ಕಳೆಯಿರಿ. 364 ಎಂದರೆ ಸರಿಯಾಗಿ 52 ವಾರ, ಹಾಗಾಗಿ ಉತ್ತರ ಮತ್ತೆ ಸೋಮವಾರಕ್ಕೇ ಬರುತ್ತದೆ. ‘ವಾರ’ ಹಾಳೆಯ ಡಿ2ರಲ್ಲಿ:

=ಇಫ್‌ಎರರ್(ಆವರೇಜ್‌ಇಫ್ಸ್(ದಿನ!ಬಿ:ಬಿ,ದಿನ!ಇ:ಇ,ಎ2-364),"")

ಹುತ್ತರಿಯಂಥ ಹಬ್ಬಗಳು ಚಾಂದ್ರಮಾನದ ಮೇಲೆ ಬರುವುದರಿಂದ ಒಂದು ವರ್ಷದ ಹಬ್ಬದ ವಾರ ಇನ್ನೊಂದು ವರ್ಷದ ಮಾಮೂಲಿ ವಾರದ ಎದುರು ನಿಲ್ಲಬಹುದು. ಹೋಲಿಸುವ ಮುನ್ನ ಎರಡೂ ವಾರಗಳ ದಿನದ ಎಣಿಕೆ ಮತ್ತು ಎಫ್ ಕಾಲಂನ ಟಿಪ್ಪಣಿ ನೋಡಿಕೊಳ್ಳಿ.